ಇಪ್ಪತ್ತೈದು ನಿಮಿಷಕ್ಕೆ ಸಾಯಬೇಕಾದ ಅಜ್ಜಿ

ಪುಣೆ ಪಕ್ಕದ ಚಿಂಚವಾಡ ಸ್ಟೇಶನ್ನಿನ ಹತ್ತಿರದ ಉಡುಪಿ ಹೋಟೆಲೊಂದರ ಮಾಳಿಗೆಯ ಕೋಣೆ. ಬೆಂಚುಗಳ ಮೇಲೆ ಹತ್ತನೆಯ ತರಗತಿಯ ನಾವು, ಎದುರಿಗೆ ಟ್ಯೂಶನ್ ಕ್ಲಾಸಿನ ಸರ್, ಅವರ ಮೇಜಿನ ಮೇಲೆ ಒಂದು ಕೆಂಪು ಅಲಾರಂ ಗಡಿಯಾರ. ಕೊನೆಯ ಬೆಂಚಿನ ಹಿಂದೆ, ಗೋಣಿಚೀಲ ಮಡಚಿ ಹಾಸಿಕೊಂಡು ಗೋಡೆಗೆ ಒರಗಿ ಕೂತವಳು ನಮ್ಮ ಆಯಿ. ನಮ್ಮ ಕಲಬುರಗಿ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷವಿಡೀ ಈ ಸಭೆ ಸಂಜೆಸಂಜೆ ಸೇರುತ್ತಿತ್ತು.

ಹುಡುಗಿ ಒಬ್ಬಳೇ ಸಂಜೆ ಹೊತ್ತು ಓಡಾಡಬಾರದೆಂದು ಅಪ್ಪ ಆಯಿಯನ್ನು ನನ್ನ ಜೊತೆ ಕಳಿಸುತ್ತಿದ್ದ. ಅವನು ಪಿಂಪ್ರಿಯ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ, ಅವನ ಶಿಫ್ಟು ಮುಗಿಯುವುದು ನಮ್ಮ ಊಟವಾದ ಮೇಲೆ. ಮೊದಲ ದಿನ ಸರ್ ಹುಬ್ಬು ಗಂಟಿಕ್ಕಿದರು. ತಮ್ಮ ಪದ್ಧತಿ ಹೊರಗಿನವರ ಕಿವಿಗೆ ಬೀಳಬಾರದು ಎಂಬ ಭಯ ಅವರಿಗೆ. ಅವರು ಸೊಲ್ಲಾಪುರದ ಕಡೆಯವರು, ಮನೆಯಲ್ಲಿ ಕನ್ನಡ ಆಡುವವರು. ಆಯಿ ನೆಲದ ಮೇಲಿಂದಲೇ ಹೇಳಿದಳು:

"ನನಗ ಇಂಗ್ಲಿಷ್ ಬರಂಗಿಲ್ರಿ ಮಾಸ್ತರ್ರ. ನಿಮ್ಮ ವಿದ್ಯಾ ನನ್ನ ಕಡಿಂದ ಎಲ್ಲೂ ಸೋರಂಗಿಲ್ಲ."

ಸರ್ ಗಡಿಯಾರದತ್ತ ತಿರುಗಿದರು.

ನಮ್ಮ ಶಾಲೆಯಲ್ಲಿ ಇಂಗ್ಲಿಷಿಗೆ ಎರಡು ದರ್ಜೆ ಇದ್ದವು. ಹೈಯರ್ ಇಂಗ್ಲಿಷ್ ಬರೆಯಬೇಕೆಂದರೆ ಮೊದಲು ಶಾಲೆಯ ಪೂರ್ವ ಪರೀಕ್ಷೆಯಲ್ಲಿ, ಅದರಲ್ಲೂ ಇಪ್ಪತ್ತೈದು ನಿಮಿಷದಲ್ಲಿ ಬರೆಯುವ ಪ್ರಬಂಧದಲ್ಲಿ ಪಾಸಾಗಬೇಕಿತ್ತು. ಇಲ್ಲದವರಿಗೆ ಕೆಳಗಿನ ದರ್ಜೆ. ಅಪ್ಪ ಒಂದೇ ಮಾತು ಹೇಳಿಬಿಟ್ಟಿದ್ದ: ಹೈಯರ್ ಸಿಕ್ಕರೆ ಲೋಕಲ್ ರೈಲು ಹತ್ತಿ ಪುಣೆಯ ಕಾಲೇಜಿಗೆ ಹೋಗು, ಇಲ್ಲದಿದ್ದರೆ ನಮ್ಮ ಕಾಲನಿಯ ಹಿಂದೆ ಟೈಪಿಂಗ್ ಕ್ಲಾಸಿದೆ. ಆ ಟೈಪಿಂಗ್ ಕ್ಲಾಸಿನ ಸದ್ದು ನಮ್ಮ ಅಡುಗೆಮನೆಗೇ ಕೇಳುತ್ತಿತ್ತು. ನನಗೆ ಆ ಸದ್ದಿನಿಂದ ದೂರ ಹೋಗಬೇಕಿತ್ತು, ಅಷ್ಟೇ.

ಈಗ ಸರ್ ಅವರ ಪದ್ಧತಿಯ ವಿಚಾರ ಹೇಳುತ್ತೇನೆ. ಅಂಥ ದೊಡ್ಡ ಮೋಸವನ್ನು ಅಷ್ಟು ಭಕ್ತಿಯಿಂದ ಮಾಡುವವರನ್ನು ನಾನು ಮುಂದೆಂದೂ ಕಾಣಲಿಲ್ಲ. ಅವರ ಹತ್ತಿರ ಒಂದೇ ಒಂದು ಪ್ರಬಂಧವಿತ್ತು. ಅದರಲ್ಲಿ ಒಬ್ಬ ಅಜ್ಜಿ, ಒಂದು ಮಳೆಯ ರಾತ್ರಿ, ಒಂದು ಆಸ್ಪತ್ರೆ. ಅಜ್ಜಿ ಮೊಮ್ಮಗುವಿನ ಕೈ ಹಿಡಿದು ಕೊನೆಯ ಮಾತು ಹೇಳಿ ಕಣ್ಣು ಮುಚ್ಚುತ್ತಾಳೆ. ಪರೀಕ್ಷೆಯಲ್ಲಿ ಯಾವ ವಿಷಯವೇ ಬರಲಿ, ಬದಲಾಗಬೇಕಾದದ್ದು ಆ ಕೊನೆಯ ಮಾತು ಮಾತ್ರ. 'ಮರಗಳ ಮಹತ್ವ' ಬಂದರೆ, ಮಗೂ, ಗಿಡ ನೆಡು ಎಂದು ಸಾಯುತ್ತಾಳೆ. 'ವಿಜ್ಞಾನ ವರವೋ ಶಾಪವೋ' ಬಂದರೆ ಆಮ್ಲಜನಕದ ನಳಿಗೆಯನ್ನು ನೋಡಿ, ವರವೇ ಎಂದು ಸಾಯುತ್ತಾಳೆ. 'ನನ್ನ ಮೆಚ್ಚಿನ ಆಟ' ಬಂದಾಗ ಏನು ಮಾಡುವುದೆಂದು ಒಬ್ಬ ಹುಡುಗ ಕೇಳಿದ್ದಕ್ಕೆ ಸರ್ ಯೋಚಿಸುವುದಕ್ಕೂ ನಿಲ್ಲಲಿಲ್ಲ. ಅಜ್ಜಿ ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಾ ಸಾಯಲಿ ಎಂದರು.

ಗಡಿಯಾರಕ್ಕೆ ಕೀಲಿ ಕೊಟ್ಟು, ಇಪ್ಪತ್ತೈದು ನಿಮಿಷಕ್ಕೆ ಗಂಟೆ ಇಟ್ಟು, ಶುರು ಎನ್ನುತ್ತಿದ್ದರು. ಹತ್ತನೆಯ ನಿಮಿಷಕ್ಕೆ ಅಜ್ಜಿ ಆಸ್ಪತ್ರೆ ಸೇರಿರಬೇಕು, ಇಪ್ಪತ್ತಕ್ಕೆ ಸತ್ತಿರಬೇಕು, ಉಳಿದ ಐದು ನಿಮಿಷ ನೀತಿಗೆ. ಯಾರ ಅಜ್ಜಿಯಾದರೂ ತಡಮಾಡಿದರೆ, ನಿನ್ನ ಅಜ್ಜಿ ಇನ್ನೂ ಉಸಿರಾಡುತ್ತಿದ್ದಾಳಲ್ಲ ಎಂದು ಗದರುತ್ತಿದ್ದರು. ನಾವೆಲ್ಲ ತಲೆ ತಗ್ಗಿಸಿ ನಮ್ಮನಮ್ಮ ಅಜ್ಜಿಯರನ್ನು ಮುಗಿಸುತ್ತಿದ್ದೆವು. ನನ್ನವಳು ಹಿಂದೆ ಕೂತು ತಂಬಾಕು ತಿಕ್ಕುತ್ತಿದ್ದಳು.

ವಿಷಯ ಹೋಟೆಲಿನವರೆಗೆ ಇಳಿಯಿತು. ಹೋಟೆಲಿನ ಮಾಲೀಕರು ಕುಂದಾಪುರದ ಕಡೆಯವರು, ಅವರ ಮಗಳೂ ನಮ್ಮ ಕ್ಲಾಸಿನವಳೇ. ನಾವು ಮೆಟ್ಟಿಲಿಳಿದು ಬರುವಾಗ ಅವರು ಗಲ್ಲಾದಿಂದ ಕತ್ತೆತ್ತಿ, "ಎಂತ ಅಮ್ಮ, ಇವತ್ತು ಎಷ್ಟು ಅಜ್ಜಿಯರು ಹೋದ್ರು?" ಎನ್ನುತ್ತಿದ್ದರು. ಮೊದಮೊದಲು ಆಯಿಗೆ ತಿಳಿಯಲಿಲ್ಲ. ಒಂದು ದಿನ ಹಟ ಹಿಡಿದು ನನ್ನಿಂದ ಎಲ್ಲ ಬಿಡಿಸಿಕೊಂಡಳು. ಅವಳು ಸಿಟ್ಟಾಗುತ್ತಾಳೆ, ನಾಳೆಯಿಂದ ಕ್ಲಾಸು ಬಂದ್ ಎಂದುಕೊಂಡೆ. ಆಯಿ ಚಹಾದ ಬಸಿ ಕೆಳಗಿಟ್ಟು, ಬಾಯಿಗೆ ಸೆರಗು ಮುಚ್ಚಿ, ಮೈ ಕುಲುಕಿಸಿ ನಕ್ಕಳು.

"ಬರಿ ಕೂಸ, ಬರಿ. ಸುಳ್ಳ ಸಾವು ಹೇಳಿದಷ್ಟೂ ಆಯುಷ್ಯ ಬೆಳೀತದ. ನಿಮ್ಮ ಮಾಸ್ತರ ನನ್ನ ನೂರು ವರ್ಷ ಬದುಕಸ್ತಾನ."

ಇದು ಅವಳು ಹುಟ್ಟಿಸಿಕೊಂಡ ಮಾತಲ್ಲ. ನಮ್ಮ ಕಡೆ ತಲೆಗೆ ಕಾಗೆ ಮುಟ್ಟಿದರೆ ಅಪಶಕುನ. ಅದನ್ನು ಕಳೆಯಲು, ದೂರದ ಊರಿನ ನೆಂಟರಿಗೆ ಇಂಥವರು ತೀರಿಕೊಂಡರೆಂದು ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ಒಂದು ಸಲ ಗೊಳೋ ಎಂದು ಅತ್ತರೆ ಪೀಡೆ ಹೋಯಿತು. ಅತ್ತ ಕೂಡಲೇ, ಇಲ್ಲಪ್ಪ, ಕಾಗೆ ಮುಟ್ಟಿತ್ತು, ಅದಕ್ಕೆ ಹೇಳಿದೆವು ಎಂದು ನಿಜ ತಿಳಿಸಬೇಕು. ಈ ಎರಡನೆಯ ಭಾಗ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯವರು ಹಿಂದಿನ ಬೇಸಿಗೆಯಲ್ಲಷ್ಟೇ ಕಂಡಿದ್ದರು.

ಆಯಿ ಕಾಲನಿಯ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಾಗ ಕಾಗೆ ಬಂದು ನೆತ್ತಿಗೆ ಕುಕ್ಕಿತು. ಅಪ್ಪ ಎಸ್‌ಟಿಡಿ ಬೂತಿಗೆ ಹೋಗಿ ಇಂದಾಪುರದಲ್ಲಿದ್ದ ಅತ್ತೆಗೆ, ಎಂದರೆ ತನ್ನ ತಂಗಿಗೆ, ಅವ್ವ ಹೋದಳು ಎಂದ. ಅತ್ತೆ ಪಕ್ಕದ ಮನೆಯ ಫೋನು ಅಲ್ಲೇ ಎಸೆದು ಓಡಿದಳು. ಅಪ್ಪ ಈಚೆಯಿಂದ ಕಾಗೆ, ಕಾಗೆ ಎಂದು ಕೂಗುತ್ತಲೇ ಉಳಿದ. ಸಂಜೆಗೆ ಅತ್ತೆ, ಮಾವ, ಅವರ ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಎಲ್ಲರೂ ಎಸ್‌ಟಿ ಬಸ್ಸಿನಿಂದಿಳಿದು, ಗಲ್ಲಿಯ ಬಾಯಿಂದಲೇ ಹಾಡಿ ಅಳುತ್ತಾ ಬಂದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಆಯಿಗೆ ಅಳು ಕೇಳಿತು. ಗಲ್ಲಿಯಲ್ಲಿ ಯಾರದೋ ಮನೆಯಲ್ಲಿ ಸಾವಾಗಿದೆ ಎಂದು, ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡು ಹೊರಬಂದು, ತಾನೂ ಅಳುವವರೊಡನೆ ಸೇರಿ ಅತ್ತಳು. ಒಂದಷ್ಟು ಅತ್ತ ಮೇಲೆ ಪಕ್ಕದ ಹೆಂಗಸನ್ನು, ಹೋದವರು ಯಾರವ್ವ ಎಂದು ಕೇಳಿದಳು. ಆ ಹೆಂಗಸು ಅಲ್ಲೇ ಕುಸಿದು ಕೂತಳು. ಆ ರಾತ್ರಿ ಬಂದವರಿಗೆಲ್ಲ ರೊಟ್ಟಿ ಬಡಿದದ್ದು ತೀರಿಕೊಂಡವಳೇ.

ನಾನು ಕಥೆ ಹೇಳುವುದನ್ನು ಕಲಿತದ್ದು ಇವಳ ಹತ್ತಿರ. ಅವಳು ಯಾವ ಮಾತನ್ನೂ ಯಾರ್‍ಯಾರು ಕೂತಿದ್ದರು, ಒಲೆಯ ಮೇಲೆ ಏನಿತ್ತು ಎಂಬುದನ್ನು ಬಿಟ್ಟು ಶುರು ಮಾಡಿದವಳಲ್ಲ, ಗುಟ್ಟನ್ನು ಕೊನೆಗೆ ಮುಟ್ಟುವವರೆಗೆ ಬಿಟ್ಟುಕೊಟ್ಟವಳೂ ಅಲ್ಲ. ಇದು ಒಳ್ಳೆಯ ವಿದ್ಯೆ. ಇಪ್ಪತ್ತೈದು ನಿಮಿಷದ ಪ್ರಬಂಧಕ್ಕೆ ಇದಕ್ಕಿಂತ ಕೆಟ್ಟ ವಿದ್ಯೆ ಇನ್ನೊಂದಿಲ್ಲ. ಕ್ಲಾಸಿನಲ್ಲಿ ಗಂಟೆ ಹೊಡೆದಾಗ ಎಲ್ಲರ ಅಜ್ಜಿಯರು ನೀತಿ ಹೇಳಿ ಮುಗಿಸಿರುತ್ತಿದ್ದರು. ನನ್ನವಳು ಮಾತ್ರ ಇನ್ನೂ ಆಸ್ಪತ್ರೆಗೆ ಹೋಗಲು ರಿಕ್ಷಾ ಹುಡುಕುತ್ತಿರುತ್ತಿದ್ದಳು.

ಪೂರ್ವ ಪರೀಕ್ಷೆಯಲ್ಲಿ ಬಂದ ವಿಷಯ 'ಮರೆಯಲಾಗದ ಒಂದು ದಿನ'. ಪರೀಕ್ಷೆಯ ಕೋಣೆಯಲ್ಲಿ ನೆಮ್ಮದಿಯ ನಿಟ್ಟುಸಿರೊಂದು ಎದ್ದಿತು. ನಮ್ಮ ಕ್ಲಾಸಿನವರಿಗೆ ಇದಕ್ಕಿಂತ ಸುಲಭದ್ದು ಏನಿದೆ? ಸುತ್ತ ಎಲ್ಲರೂ ಮಳೆ ಸುರಿಸತೊಡಗಿದರು. ಬಾಯಿಪಾಠ ನನಗೂ ಬರುತ್ತಿತ್ತು. ಆದರೆ ನಿಜವಾಗಿ ಮರೆಯಲಾಗದ ದಿನವೊಂದನ್ನು ಮನೆಯಲ್ಲಿಟ್ಟುಕೊಂಡು ಆ ಆಸ್ಪತ್ರೆಗೆ ಇನ್ನೊಮ್ಮೆ ಹೋಗಲು ಕೈ ಏಳಲಿಲ್ಲ. ಕಾಗೆಯ ಕಥೆ ಹಿಡಿದೆ. ಮಾಳಿಗೆಯ ಮೇಲೆ ಯಾರ ಸಂಡಿಗೆ ಎಲ್ಲಿತ್ತು ಎಂಬುದರಿಂದ ಶುರು ಮಾಡಿದೆ. ಕಾಗೆ ಬಂತು, ಕುಕ್ಕಿತು. ಅಪ್ಪ ಫೋನಿನಲ್ಲಿ ಅವ್ವ ಹೋದಳು ಎಂದ. ಯಾಕೆ ಹಾಗೆಂದ ಎಂಬುದನ್ನು ಆಯಿಯ ಹಾಗೆ ಕೊನೆಗೆ ಬಿಚ್ಚೋಣವೆಂದು ಕಟ್ಟಿಟ್ಟುಕೊಂಡೆ. ಅತ್ತೆ ಅಳುತ್ತಾ ಇಂದಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದಳು. ಗಂಟೆ ಹೊಡೆಯಿತು. ಶಾಲೆಯ ಇಂಗ್ಲಿಷ್ ಮೇಡಂ ಕಾಗದ ಕಿತ್ತುಕೊಂಡು ಹೋದರು.

ಹೀಗೆ ನನ್ನ ಆಯಿಯೂ ಉಳಿದವರ ಅಜ್ಜಿಯರ ಜೊತೆ ಸತ್ತಳು. ವ್ಯತ್ಯಾಸ ಇಷ್ಟೇ, ಅವಳಿಗೆ ಕೊನೆಯ ಮಾತೂ ಸಿಗಲಿಲ್ಲ.

ಮೇಡಂ ಮರಾಠಿಯವರು, ಮುಖ ನೋಡದೆ ಮಾತಾಡುವವರು. ಕಾಗದಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ, ಈ ಊರಿನಲ್ಲಿ ಪ್ಲೇಗು ಬಂದಿದೆಯೆಂದು ತಮಗೆ ಯಾರೂ ಹೇಳಲಿಲ್ಲವಲ್ಲ ಎಂದರು. ಅಜ್ಜಿ ಸತ್ತವರೆಲ್ಲ ಎದ್ದು ನಿಲ್ಲಬೇಕಾಯಿತು. ಯಾರಿಗೂ ಪಾಸಿನ ಅಂಕ ಇರಲಿಲ್ಲ. ನಾಳೆ ಮನೆಯ ಹಿರಿಯರನ್ನು ಕರೆತರದೆ ಒಳಗೆ ಬರಬೇಡಿ ಎಂದು ಕಳಿಸಿದರು.

ಅಪ್ಪನಿಗೆ ಶಿಫ್ಟು, ಅವ್ವನಿಗೆ ಪಕ್ಕದ ಸೊಸೈಟಿಯಲ್ಲಿ ಮನೆಗೆಲಸ. ಬಿಡುವಿದ್ದವಳು ಆಯಿ ಒಬ್ಬಳೇ. ಸ್ಟಾಫ್ ರೂಮಿಗೆ ಅವಳನ್ನೇ ಕರೆದೊಯ್ದೆ. ಮೇಡಂ ನನ್ನ ಕಾಗದ ಕೈಯಲ್ಲಿ ಹಿಡಿದೇ, ನೀವು ಇವಳಿಗೆ ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದರು. ಅಜ್ಜಿ ಎಂದಳು ಆಯಿ, ಅಪ್ಪನ ತಾಯಿ. ಮೇಡಂ ಕನ್ನಡಕ ತೆಗೆದರು. ಹಾಗಾದರೆ ಸತ್ತವರು ಯಾರು?

"ಮೀಚ್," ಎಂದಳು ಆಯಿ. ನಾನೇ.

ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ತನ್ನ ಅರ್ಧ ಕನ್ನಡದ ಮರಾಠಿಯಲ್ಲಿ ಮಾಳಿಗೆಯಿಂದ ಶುರು ಮಾಡಿದಳು. ಯಾರ ಸಂಡಿಗೆ ಎಲ್ಲಿತ್ತು ಎಂಬುದರಿಂದಲೇ. ಸುತ್ತಲಿನ ಟೀಚರುಗಳು ಚಹಾ ಹಿಡಿದುಕೊಂಡು ಹತ್ತಿರ ಸರಿದರು. ಪೀರಿಯಡ್ ಗಂಟೆ ಹೊಡೆದಾಗ ಮೇಡಂ ಎದ್ದು, ಬೇಗ ಮುಗಿಸಿ ಅಜ್ಜಿ ಎಂದರು. ಆಯಿಗೆ ಅದು ಹಿಡಿಸಲಿಲ್ಲ. ಟೀಚರ್ ಬಾಈ, ಬಸ್ಸು ಇನ್ನೂ ಇಂದಾಪುರ ಬಿಟ್ಟಿಲ್ಲ ಎಂದಳು. ಮೇಡಂ ಮತ್ತೆ ಕೂತರು. ತೀರಿಕೊಂಡವಳು ಅಳುವವರ ಸಾಲಿನಲ್ಲಿ ಸೇರಿದ ಕಡೆ ಬಂದಾಗ ಅವರು ನನ್ನ ಕಾಗದದಿಂದಲೇ ಬಾಯಿ ಮುಚ್ಚಿಕೊಂಡರು.

ಇಷ್ಟಾದರೂ ಅಂಕ ಬದಲಾಗಲಿಲ್ಲ. ಗಂಟೆ ಹೊಡೆದ ಮೇಲೆ ಬಂದದ್ದು ಪರೀಕ್ಷೆಯ ಲೆಕ್ಕಕ್ಕಿಲ್ಲ ಎಂದರು ಮೇಡಂ, ಮತ್ತೆ ಮೊದಲಿನ ಮುಖ ಹಾಕಿಕೊಂಡು. ಕಣ್ಣೆದುರು ಕೂತ ಹೆಂಗಸಿಗಿಂತ ಗಂಟೆ ನಿಜ. ಈ ಒಂದು ಪಾಠವನ್ನು ಮಾತ್ರ ಶಾಲೆಯವರು ನನಗೆ ಚೆನ್ನಾಗಿ ಕಲಿಸಿದರು. ಆದರೆ ಫೇಲಾದವರೆಲ್ಲ ಶನಿವಾರ ಅದೇ ವಿಷಯವನ್ನು, ಅಷ್ಟೇ ಹೊತ್ತಿನಲ್ಲಿ ಇನ್ನೊಮ್ಮೆ ಬರೆಯಬಹುದು, ಅದೇ ಕೊನೆ ಎಂದರು. ಆಸ್ಪತ್ರೆ ಕಂಡರೆ ಹರಿದುಹಾಕುತ್ತೇನೆ ಎಂದೂ ಸೇರಿಸಿದರು.

ಮನೆಗೆ ಬರುವಾಗ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ನನಗೆ ಟೈಪಿಂಗ್ ಕ್ಲಾಸಿನ ಸದ್ದು ಕಿವಿಯಲ್ಲೇ ಕೇಳುತ್ತಿತ್ತು. ಈ ಕಥೆಯನ್ನು ಇಪ್ಪತ್ತೈದು ನಿಮಿಷಕ್ಕೆ ಹೇಗೆ ಇಳಿಸಲಿ ಎಂದು ಕೇಳಿದೆ. ಆಯಿ ಬಸಿಯನ್ನು ಊದುತ್ತಾ ಯೋಚಿಸಿದಳು.

"ಮೊದ್ಲ ನಾ ಬದುಕೀನಿ ಅಂತ ಬರದ್ಬಿಡು. ಆಮ್ಯಾಲ ಎಷ್ಟು ಬೇಕಷ್ಟು ಸಾಯಿಸು. ಗಂಟಿ ಹೊಡದ್ರೂ ಚಿಂತಿಲ್ಲ."

ಹಾಗೆ ಹೇಳಿದರೆ ಕಥೆಯ ರುಚಿ ಹೋಗುತ್ತದಲ್ಲ ಎಂದೆ.

"ಹೋಗ್ತದ. ಹೋಗ್ಲಿ ಬಿಡು. ಅವರಿಗೇನ್ ಕಥಿ ಬೇಕಾಗ್ಯದೇನು?"

ಶನಿವಾರ ಮೊದಲ ಸಾಲಿನಲ್ಲೇ ನನ್ನ ಅಜ್ಜಿ ಬದುಕಿದ್ದಾಳೆ ಎಂದು ಬರೆದೆ. ಕಾಗೆ, ಫೋನು, ಬಸ್ಸು ಎಲ್ಲ ಆಮೇಲೆ. ಈ ಸಲವೂ ಮುಗಿಯಲಿಲ್ಲ, ಅತ್ತೆ ಗಲ್ಲಿಯ ಬಾಯಿಗೆ ಬಂದಾಗ ಗಂಟೆ ಹೊಡೆಯಿತು. ಆದರೆ ಆಯಿ ಸುರಕ್ಷಿತವಾಗಿದ್ದಳು. ಮೇಡಂ ಪಾಸು ಮಾಡಿದರು, ತರಗತಿಯಲ್ಲಿ ಓದಿಯೂ ತೋರಿಸಿದರು. ಅದೇ ಸಂಜೆ ಕ್ಲಾಸಿನ ಸರ್ ನನ್ನನ್ನು ಮುಂದೆ ನಿಲ್ಲಿಸಿ, ಅದನ್ನು ಇನ್ನೊಮ್ಮೆ ಹೇಳಿಸಿ, ತಾವು ಬರೆದುಕೊಂಡರು. ಕಾಗೆಗೆ ಒಂದೆರಡು ವಿಶೇಷಣ ಕಡಿಮೆಯಾಗಿವೆ ಎಂದರು.

ಬೋರ್ಡಿನ ಪರೀಕ್ಷೆಯಲ್ಲಿ ಬಂದದ್ದು ದೂರದರ್ಶನದ ಲಾಭ ನಷ್ಟಗಳು. ಆಯಿಗೂ ಕಾಗೆಗೂ ಅಲ್ಲಿ ಜಾಗವಿರಲಿಲ್ಲ. ಲಾಭವಿದೆ, ನಷ್ಟವೂ ಇದೆ ಎಂದು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟು, ಉಳಿದ ಹೊತ್ತು ಅದನ್ನೇ ತಿರುವಿ ತಿರುವಿ ಬರೆದು ಬಂದೆ. ಎಷ್ಟು ಬೇಕೋ ಅಷ್ಟು ಅಂಕ ಬಿದ್ದವು. ಅಪ್ಪ ಲೋಕಲ್ ಪಾಸು ಮಾಡಿಸಿಕೊಟ್ಟ.

ಮರುವರ್ಷ ಒಂದು ಸಂಜೆ ಕಾಲೇಜಿನಿಂದ ಬರುವಾಗ ಆಯಿ ಸ್ಟೇಶನ್ನಿಗೆ ಬಂದಿದ್ದಳು. ಇಬ್ಬರೂ ಹಳೆಯ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ಮೇಲಿನ ಕೋಣೆಯಿಂದ ಹೊಸ ಮಕ್ಕಳು ಒಕ್ಕೊರಲಿನಿಂದ ಬಾಯಿಪಾಠ ಹೇಳುವುದು ಕೇಳುತ್ತಿತ್ತು. ಅವರು ಏನು ಹೇಳುತ್ತಿದ್ದಾರೆ ಎಂದು ಆಯಿ ಕೇಳಿದಳು. ನನ್ನ ಅಜ್ಜಿ ಬದುಕಿದ್ದಾಳೆ, ಒಂದು ದಿನ ಅವಳ ತಲೆಗೆ ಅಶುಭಕರವಾದ ಕಪ್ಪು ಕಾಗೆಯೊಂದು ಕುಕ್ಕಿತು, ಅಂತಾರೆ ಎಂದೆ. ಮಾಲೀಕರು ಗಲ್ಲಾದಿಂದ, "ಅಮ್ಮ, ಈ ವರ್ಷ ಯಾರೂ ಹೋಗ್ಲಿಲ್ಲ ಮಾರಾಯ್ರೆ," ಎಂದರು.

ಆಯಿ ಚಹಾ ಮುಗಿಸಿದಳು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು, ನಾನು ಹಿಂದೆ ಹೋದೆ. ಅವಳ ಗೋಣಿಚೀಲ ಇನ್ನೂ ಮೂಲೆಯಲ್ಲೇ ಇತ್ತು. ಅದನ್ನು ಕೊಡವಿ ಹಾಸಿ, ಕೊನೆಯ ಬೆಂಚಿನ ಹಿಂದೆ ತನ್ನ ಜಾಗದಲ್ಲಿ ಕೂತಳು. ಸರ್ ಒಮ್ಮೆ ಅವಳತ್ತ ನೋಡಿ, ಗಡಿಯಾರಕ್ಕೆ ಕೀಲಿ ಕೊಟ್ಟರು.