ಮಸಿಗೆ ಅದ್ದಿದ ಬೆರಳು

ಏಕಾಂತಪ್ಪನ ಮುತ್ತಾತ ಕರಿಯಣ್ಣ, ಕುಂಸಿಯಾಚೆಯ ಕಾಡು ಕಡಿದು ಗಾಡಿದಾರಿ ಮಾಡಿದವನು. ತಾತ ಹೊನ್ನಯ್ಯ ಅದೇ ದಾರಿಗೆ ಅಡ್ಡ ಬಂದ ಹುಲಿಯನ್ನು ಬರೀ ಕೊಡಲಿ ಬೀಸಿ ಓಡಿಸಿದವನು. ಅಪ್ಪ ಸಿದ್ದಯ್ಯ ಇಬ್ಬರನ್ನೂ ಮೀರಿಸಿದ. ಊರೂರು ತಿರುಗುವ ಜಂಗಮಯ್ಯನೊಬ್ಬನನ್ನು ಮಳೆಗಾಲವಿಡೀ ಹಟ್ಟಿಯಲ್ಲಿ ಇರಿಸಿಕೊಂಡು, ಉಣ್ಣಲಿಕ್ಕಿ, ಅಕ್ಷರ ಕಲಿತುಬಿಟ್ಟ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಸುಡುವವರ ಹಟ್ಟಿ ಅದು. ಹಳ್ಳ ತುಂಬಿದರೆ ಒಂದು ನರಪಿಳ್ಳೆಯೂ ಅತ್ತ ಸುಳಿಯದು. ತರಿಸಿದ ಸ್ಲೇಟು ಗಾಡಿಯ ಕುಲುಕಾಟಕ್ಕೇ ಚೂರು. ಕಾಗದ ಗೆದ್ದಲಿನ ಪಾಲು. ಹಾಗಾಗಿ ಅಪ್ಪ ಮಗನಿಗೂ, ಮಗ ಹಟ್ಟಿಯ ಮಕ್ಕಳಿಗೂ ಮರಳು ಹರಡಿ ಬೆರಳಲ್ಲೇ ತಿದ್ದಿಸಿದರು. ಗುತ್ತಿಗೆದಾರನ ಗುಮಾಸ್ತ ಪೆನ್ಸಿಲಿನಲ್ಲಿ ಗೀಚುವುದನ್ನು ಏಕಾಂತಪ್ಪ ಕಂಡಿದ್ದ. "ಅದು ಮೂಟೆ ಲೆಕ್ಕಕ್ಕೆ ಕಣೋ. ಸರಸ್ವತಿಗೆ ಬೆರಳೇ ಆಗ್ಬೇಕು" ಎಂದಿದ್ದ ಅಪ್ಪ.

ಆ ಕಾಡಿಗೆ ಹೊರಗಿನ ಮೇಷ್ಟರು ಯಾರೂ ಬರಲೊಪ್ಪಲಿಲ್ಲ. ಹಟ್ಟಿಯವನೇ ಒಬ್ಬ ಮೇಷ್ಟರ ಪರೀಕ್ಷೆ ಪಾಸಾದರೆ ಶಾಲೆ ಕೊಡುತ್ತೇವೆ ಎಂದರು ವಿದ್ಯಾ ಇಲಾಖೆಯವರು. ಸಾವಿರದ ಒಂಬೈನೂರ ಮೂವತ್ತೈದರ ಬೇಸಿಗೆಯಲ್ಲಿ ಏಕಾಂತಪ್ಪ ಬುತ್ತಿ ಕಟ್ಟಿಕೊಂಡು ಶಿವಮೊಗ್ಗಕ್ಕೆ ನಡೆದ.

ಪರೀಕ್ಷೆಯ ಕೋಣೆಯಲ್ಲಿ ಕೂತು ಪ್ರಶ್ನೆಗಳನ್ನು ಓದಿದ. ಎಲ್ಲವೂ ಬರುತ್ತಿತ್ತು! ಹಿಗ್ಗಿನಿಂದ, ಬರೆಯಲೆಂದು ಇಟ್ಟಿದ್ದ ಟಾಕಿನ ಲೇಖನಿಯನ್ನು ಪಕ್ಕಕ್ಕೆ ಸರಿಸಿ, ಬೆರಳನ್ನು ಮಸಿಕುಡಿಕೆಗೆ ಅದ್ದಿ, ಅಂಗೈಯಗಲದ ಅಕ್ಷರ ಬರೆದ. ನಾಲ್ಕಕ್ಷರಕ್ಕೇ ಹಾಳೆ ತುಂಬಿತು.

ಪಕ್ಕದವನು ಕಿಸಕ್ಕನೆ ನಕ್ಕ. "ಏನ್ ಮಾರಾಯ, ರಂಗೋಲಿ ಹಾಕಕ್ ಬಂದ್ಯಾ?"

ಏಕಾಂತಪ್ಪ ತಲೆಯೆತ್ತಿದ. ಕೋಣೆ ತುಂಬ ಟಾಕುಗಳು ಸರಸರ ಹರಿಯುತ್ತಿದ್ದವು. ಹಾಳೆಗಳ ಮೇಲೆ ಇರುವೆ ಸಾಲಿನಂಥ ಅಕ್ಷರ. ತನ್ನ ಮಸಿ ಬೆರಳನ್ನು ನೋಡಿಕೊಂಡ. ಕಲಿತದ್ದೆಲ್ಲ ತಲೆಯಲ್ಲಿದ್ದೂ ಕೈ ಹುಟ್ಟಾ ಅನಕ್ಷರಸ್ಥ! ಹಟ್ಟಿಯ ಮಕ್ಕಳ ಕೈಯನ್ನೂ ಹೀಗೇ ಮಾಡಿಟ್ಟಿದ್ದೇನಲ್ಲ ಎನಿಸಿತು. ಟಾಕನ್ನು ಗುದ್ದಲಿಯಂತೆ ಮುಷ್ಟಿಯಲ್ಲಿ ಹಿಡಿದು ಒತ್ತಿದ. ಹಾಳೆ ಪರ್ರನೆ ಹರಿಯಿತು.

ಉಸ್ತುವಾರಿಯ ಯಜ್ಞನಾರಾಯಣ ಮೇಷ್ಟರು ಬಳಿ ಬಂದವರು ನೀಲಿ ಬೆರಳನ್ನು ಕಂಡು ಬೆಚ್ಚಿ ನಿಂತರು. ಬಗ್ಗಿ ಕೇಳಿದರು: "ಉತ್ತರ ಬರುತ್ತೇನಪ್ಪಾ?"

"ಎಲ್ಲಾ ಬರುತ್ತೆ ಸ್ವಾಮಿ."

"ಹಾಗಾದ್ರೆ ನೀನು ಮೆಲ್ಲಗೆ ಹೇಳು. ನಾನು ಬರೀತೀನಿ. ಯಾರೂ ಕೇಳೋಲ್ಲ."

ಏಕಾಂತಪ್ಪ ಹರಿದ ಹಾಳೆಯನ್ನು ಮಡಿಸಿ ಎದ್ದು ನಿಂತ.

"ಬೇಡ ಸ್ವಾಮಿ. ನೀವು ಬರೆದ್ರೆ ಹಟ್ಟಿಗೆ ಶಾಲೆ ಬಂದೀತು, ನಿಜ. ಆದ್ರೆ ಟಾಕು ಹಿಡಿಯಕ್ ಬರದ ನಾನು ಅಲ್ಲಿ ಏನ್ ಕಲಿಸ್ಲಿ? ಕೈ ಪಳಗಿಸ್ಕೊಂಡು ನಾನೇ ಬರ್ತೀನಿ."