ದೆಹಲಿಯಿಂದ ಕೇಳಿದ ಕೇಕೆ

ಪಂಚಾಯಿತಿ ಕಟ್ಟೆಯ ರೇಡಿಯೊಗೆ ಅವ್ವ ಕಿವಿ ಆನಿಸಿ ನಿಂತಿದ್ದಳು. ಅಂದು ಗಣರಾಜ್ಯೋತ್ಸವದ ರಜೆ, ಎಪ್ಪತ್ತರ ದಶಕದ ಮಾತು. ನಮ್ಮ ಮಾಡದಕೆರೆಯ ಡೊಳ್ಳಿನ ತಂಡದೊಂದಿಗೆ ಅಪ್ಪ ದೆಹಲಿಯ ಮೆರವಣಿಗೆಗೆ ಹೋಗಿದ್ದ. ಅವರು ಹೊರಟ ಮರುದಿನವೇ ಆ ಕಡೆಯ ರೈಲೊಂದು ಹಳಿ ತಪ್ಪಿದ ಸುದ್ದಿ ಬಂದಿತ್ತು. ಆಮೇಲೆ ಅಪ್ಪನ ಸುಳಿವೇ ಇರಲಿಲ್ಲ.

ಹಿಂದಿ ವಿವರಣೆ ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ. ಬ್ಯಾಂಡಿನ ಸದ್ದು ಬಂದು ಹೋಯಿತು. ಅಷ್ಟರಲ್ಲಿ ರೇಡಿಯೊ ಗೊರಗೊರ ಎಂದು ಸುಮ್ಮನಾಯಿತು. ಗುಮಾಸ್ತರು ಅದಕ್ಕೆ ಎರಡೇಟು ಕೊಟ್ಟು, "ಬ್ಯಾಟ್ರಿ ಮುಗೀತಾ ಐತೆ ಅಕ್ಕಾ, ಮನೇಗೆ ನಡೀರಿ" ಎಂದರು. ಅವ್ವ ಕದಲಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ದನಿ ಬಂತು. ತಿಳಿಯದ ಮಾತುಗಳ ನಡುವೆ 'ಕರ್ನಾಟಕ' ಎಂಬ ಹೆಸರು ಕೇಳಿತು. ಹಿಂದೆಯೇ ಡೊಳ್ಳು ಗುಡುಗಿತು. ಅದರ ಮೇಲೆ ಒಂದು ಉದ್ದನೆಯ ಕೇಕೆ ಎದ್ದಿತು. ಅಡ್ಡಾದಿಡ್ಡಿ ಹೋದ ಕುರಿಗಳನ್ನು ತಿರುಗಿಸಲು ಅಪ್ಪ ಹಾಕುತ್ತಿದ್ದ ಕೇಕೆ ಅದು!

"ನಿಮ್ಮಪ್ಪಂದೇ ಕಣೇ ದನಿ! ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಾ ಅವ್ವ ಕಟ್ಟೆಯ ಮೇಲೆ ಕುಸಿದು ಕುಳಿತಳು.

ಅಪ್ಪ ಕ್ಷೇಮವಾಗಿ ಊರಿಗೆ ಬಂದ. ತನ್ನ ಕೂಗು ಇಲ್ಲಿಗೆ ಕೇಳಿತ್ತೆಂದರೆ ಕೊನೆಯವರೆಗೂ ನಂಬಲಿಲ್ಲ. ಈಗಲೂ ಟಿ.ವಿ.ಯಲ್ಲಿ ಆ ಮೆರವಣಿಗೆ ಬಂದರೆ, ಡೊಳ್ಳಿನವರು ದಾಟಿ ಹೋಗುವ ತನಕ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.