ಚೌಡಮ್ಮನ ಕಲ್ಲನ್ನು ಹೊತ್ತು ತಂದವರು ಯಾರು?

ಗೆಳೆಯರೇ, ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಊರನ್ನು ಮುಳುಗಿಸಿದಾಗ ನಮ್ಮಜ್ಜ ಮನೆ ಕಾಯುವ ಚೌಡಮ್ಮನ ಕಲ್ಲನ್ನು ಹೊತ್ತು ತಂದ ಕಥೆಯನ್ನು ಬೆಳಿಗ್ಗೆ ಇಲ್ಲಿ ಹಾಕಿದ್ದೆ. ಕೂಡಲೇ ಅಜ್ಜನ ಅಣ್ಣನ ಮೊಮ್ಮಗ ಅರಳಸುರಳಿಯಿಂದ ಫೋನ್ ಮಾಡಿದ.

"ಎಂತ ಬರ್ದಿದೀಯ ಮಾರಾಯ? ಆ ಕಲ್ಲು ನಮ್ಮನೇಲಿದೆ!"

ನನಗೆ ಗಾಬರಿಯಾಯಿತು. ಹಾಗಾದರೆ ಇಷ್ಟು ವರ್ಷ ನಾವು ಪೂಜೆ ಮಾಡಿದ್ದು ಯಾರಿಗೆ? ಊರು ಮುಳುಗಿದಾಗ ಚಿಕ್ಕ ಹುಡುಗಿಯಾಗಿದ್ದ ಸೋದರತ್ತೆಯನ್ನು ಕೇಳಿದೆ.

"ಯಾರೂ ತಂದಿಲ್ಲ ಕಣೋ. ಅಲ್ಲಾಡಿಸಕ್ಕೇ ಆಗ್ಲಿಲ್ಲ. ಕಾಯಿ ಒಡೆದು, ಹೋದಲ್ಲಿ ಕರೀತೀವಿ, ಬಾರಮ್ಮ ಅಂದ್ರು. ಆಮೇಲೆ ಅಣ್ಣ ತಮ್ಮ ಇಬ್ರೂ ಹೋದಲ್ಲಿ ಒಂದೊಂದು ಕಲ್ಲು ನೆಟ್ಟು ಕರೆದ್ರು."

ಅದನ್ನೇ ಅವನಿಗೆ ಹೇಳಿದೆ.

"ಹಂಗಾರೆ ದೊಡ್ಡೋರು ನಮ್ಮಜ್ಜ, ಅವ್ರು ಕರೆದಲ್ಲಿಗೇ ಬಂದಿರ್ತಾಳೆ ಬಿಡು," ಎಂದ.

ಕಥೆಯನ್ನು ತಿದ್ದಿ ಹಾಕಿದ್ದೇನೆ. ಯಾವುದಕ್ಕೂ ಇರಲಿ ಎಂದು ಸಂಜೆ ದೀಪ ಹಚ್ಚುವಾಗ ಅವಳನ್ನು ಇನ್ನೊಂದು ಸಲ ಕರೆದೆ.